ಪೋಲ್ಕ್ ಪಿಎಸ್‌ಡಬ್ಲ್ಯೂ10: ಕರಾವಳಿಯ ಮನೆಗೆ ಬೇಸ್ ಸಾಕೇ?

ಇದೊಂದು ಸಬ್‌ವೂಫರ್, ಅಂದರೆ ಬೇಸ್ (ತಗ್ಗಿನ ದಪ್ಪ ಸ್ವರ) ಮಾತ್ರ ನುಡಿಸುವ ಸ್ಪೀಕರ್ ಪೆಟ್ಟಿಗೆ. ಸಾಧಾರಣ ಕೋಣೆಗೆ ಸಾಕು, ದೊಡ್ಡ ಜಗಲಿಗೆ ಸಾಲದು. ಹತ್ತಿಂಚಿನ ವೂಫರ್ (ಬೇಸ್ ಹೊರಡಿಸುವ ದೊಡ್ಡ ಕೋನ್), 50 ವ್ಯಾಟ್ ನಿರಂತರ ಶಕ್ತಿಯ ಆಂಪ್ (ಆಂಪ್ಲಿಫೈಯರ್), ಸುಮಾರು 40 ಹರ್ಟ್ಜ್‌ವರೆಗೆ ಇಳಿಯುವ ಸಾಮರ್ಥ್ಯ (ಹರ್ಟ್ಜ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ; ಅಂಕಿ ಇಳಿದಷ್ಟೂ ಸ್ವರ ತಗ್ಗು). ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ 41 ಹರ್ಟ್ಜ್, ಹಾಗಾಗಿ ಹಾಡು ಕೇಳುವವರಿಗೆ ಇದರಲ್ಲಿ ಕೊರತೆಯಿಲ್ಲ. ಸಿನಿಮಾದ ಸ್ಫೋಟ, ಭೂಕಂಪವೆಲ್ಲ ಮೈಗೆ ತಟ್ಟಬೇಕೆಂದರೆ ಇದು ಆ ಪೆಟ್ಟಿಗೆಯಲ್ಲ.

ದುಡ್ಡು ಹಾಕುವ ಮೊದಲು ಇರುವ ಸ್ಪೀಕರುಗಳನ್ನೊಮ್ಮೆ ನೋಡಿ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿಗೆ ತಾಮ್ರದ ತಂತಿಯ ತುದಿ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ಹೊಸೆದು ಸಿಕ್ಕಿಸಿ. ಹಳೆಯ ವೂಫರಿನ ಸುತ್ತಲಿನ ಫೋಮ್ ಅಂಚು ತೇವಕ್ಕೆ ಪುಡಿಯಾಗಿದ್ದರೆ ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಇನ್ನೊಂದು, ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಎರಡೂ ಸೇರಿ ಬೇಸನ್ನು ಕೊಲ್ಲುತ್ತವೆ. ಆಂಪ್‌ನಿಂದ ತಂತಿ ಬಿಚ್ಚಿ, 1.5 ವೋಲ್ಟ್ ಬ್ಯಾಟರಿಯನ್ನು ಅರೆಕ್ಷಣ ತಾಗಿಸಿ: ಪ್ಲಸ್ಸು ಕೆಂಪು ತಂತಿಗೆ ತಾಗಿದಾಗ ಎರಡೂ ವೂಫರುಗಳು ಮುಂದಕ್ಕೇ ಬರಬೇಕು. ಎಷ್ಟೋ ಮನೆಗಳ ಬೇಸ್ ದೂರು ಇಲ್ಲಿಗೇ ಮುಗಿಯುತ್ತದೆ.

ಸಬ್‌ವೂಫರ್ ಔಟ್‌ಪುಟ್ ಇಲ್ಲದ ಹಳೆಯ ಸ್ಟೀರಿಯೊ ಆಂಪ್‌ಗೂ ಇದನ್ನು ಜೋಡಿಸಬಹುದು, ಇದರ ದೊಡ್ಡ ಗುಣವೇ ಅದು. ಆಂಪಿನ ಸ್ಪೀಕರ್ ಟರ್ಮಿನಲ್‌ನಿಂದಲೇ ಇನ್ನೊಂದು ಜೊತೆ ತಂತಿ ಎಳೆದು ಸಬ್‌ವೂಫರಿನ ಹಿಂಬದಿಯ ಸ್ಪೀಕರ್ ಇನ್‌ಪುಟ್‌ಗೆ ಕೊಡಿ. ಆಂಪ್ ಮೇಲೆ ಹೆಚ್ಚಿನ ಹೊರೆ ಬೀಳದು. ಆದರೆ ಅಗ್ಗದ ಪುಟ್ಟ ಡಿಜಿಟಲ್ ಆಂಪ್‌ಗಳಲ್ಲಿ ಹಲವು ಬ್ರಿಡ್ಜ್ ಮಾದರಿಯವು, ಅವುಗಳ ಮೈನಸ್ ತುದಿಯಲ್ಲೂ ಸಿಗ್ನಲ್ ಇರುತ್ತದೆ, ಹೀಗೆ ಜೋಡಿಸಿದರೆ ಆಂಪ್ ಕೆಡಬಹುದು. ಅಂಥವುಗಳಿಗೆ ಪ್ರಿ-ಔಟ್ (ಬಲಗೊಳ್ಳುವ ಮೊದಲಿನ ಸಣ್ಣ ಸಿಗ್ನಲ್ ಹೊರಬರುವ ಕಿಂಡಿ) ಇದ್ದರೆ ಅದನ್ನೇ ಬಳಸಿ.

ಇನ್ನು ಜಾಗ. ಬೇಸ್ ಕೆಡುವುದು ಹೆಚ್ಚಾಗಿ ಪೆಟ್ಟಿಗೆಯಿಂದಲ್ಲ, ಕೋಣೆಯಿಂದ. 14 ಅಡಿ ಉದ್ದ, 12 ಅಡಿ ಅಗಲದ ಕೋಣೆ ಸುಮಾರು 40 ಮತ್ತು 47 ಹರ್ಟ್ಜ್‌ನಲ್ಲಿ ಅನುರಣಿಸುತ್ತದೆ. ಕೋಣೆಯ ನಟ್ಟನಡುವೆ ಕೂತವರ ಕಿವಿಗೆ ಈ ಸ್ವರಗಳು ಬೀಳುವುದೇ ಕಡಿಮೆ, ಗೋಡೆಗೆ ಒರಗಿ ಕೂತವರಿಗೆ ಅವೇ ಅತಿಯಾಗಿ ಗುಂಯ್‌ಗುಡುತ್ತವೆ. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಕುರ್ಚಿ ಹಾಕಿದರೆ ಅರ್ಧ ತೊಂದರೆ ಕಳೆಯಿತು. ಆಮೇಲೆ ಆ ಕುರ್ಚಿಯ ಮೇಲೆ ಸಬ್‌ವೂಫರನ್ನೇ ಇಟ್ಟು, ಬೇಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ನೆಲಮಟ್ಟಕ್ಕೆ ಬಗ್ಗಿ ಕೇಳುತ್ತ ಹೋಗಿ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುವ ಜಾಗದಲ್ಲೇ ಪೆಟ್ಟಿಗೆ ಇಡಿ. ಮೂಲೆಯಲ್ಲಿಟ್ಟರೆ ಸದ್ದು ಏರುತ್ತದೆ ನಿಜ, ಆದರೆ ಎಲ್ಲ ಸ್ವರವೂ ಒಂದೇ ಥರ ಕೇಳಿಸತೊಡಗುತ್ತದೆ.

ಕ್ರಾಸ್‌ಓವರ್ ಗುಬುಟು, ಅಂದರೆ ಸಬ್‌ವೂಫರ್ ಎಷ್ಟು ಮೇಲಿನ ಸ್ವರದವರೆಗೆ ನುಡಿಯಬೇಕೆಂದು ಗೊತ್ತುಮಾಡುವುದು, 80ರಿಂದ 160 ಹರ್ಟ್ಜ್‌ವರೆಗಿದೆ. ಐದಿಂಚಿನ ವೂಫರಿರುವ ಸ್ಪೀಕರ್ ಜೊತೆ 80ರಲ್ಲೇ ಬಿಡಿ. ಪರೀಕ್ಷೆಗೆ ಯಕ್ಷಗಾನದ ಧ್ವನಿಮುದ್ರಣವೇ ಸಾಕು: ಭಾಗವತರ ದನಿ ಸಬ್‌ವೂಫರ್ ಇರುವ ಕಡೆಯಿಂದ ಬಂದಂತೆನಿಸಿದರೆ ಗುಬುಟು ಹೆಚ್ಚಾಯಿತೆಂದೇ ಅರ್ಥ. ಸಬ್‌ವೂಫರಿನ ಅಲೆಯನ್ನು ಉಳಿದ ಸ್ಪೀಕರುಗಳ ಅಲೆಗೆ ಹೊಂದಿಸುವ ಫೇಸ್ ಸ್ವಿಚ್‌ಗೆ ಮೊಬೈಲಿನ ಟೋನ್ ಜನರೇಟರ್‌ನಿಂದ 80 ಹರ್ಟ್ಜ್ ಹಾಕಿ, 0 ಮತ್ತು 180ರಲ್ಲಿ ಕೂತ ಜಾಗಕ್ಕೆ ಯಾವುದು ಜೋರೋ ಅದನ್ನೇ ಉಳಿಸಿ. ವಾಲ್ಯೂಮನ್ನು ಸಬ್‌ವೂಫರ್ ಇದೆಯೆಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿ.

ಹೆಂಚಿನ ಮನೆಯಲ್ಲಿ ಬೇಸ್ ಮಾಡಿನಿಂದ ಸೋರಿಹೋಗುತ್ತದೆ, ಸಡಿಲ ಹೆಂಚು, ಕಿಟಕಿ ಗಾಜು ಗಡಗಡಿಸುತ್ತವೆ. 30ರಿಂದ 100 ಹರ್ಟ್ಜ್‌ವರೆಗೆ ಟೋನನ್ನು ನಿಧಾನಕ್ಕೆ ಏರಿಸಿದರೆ ಯಾವುದು ಅದುರುತ್ತಿದೆಯೆಂದು ಸಿಕ್ಕಿಬೀಳುತ್ತದೆ. ಹಲಗೆಯ ಮಾಳಿಗೆಯಲ್ಲಾದರೆ ಕೆಳಗೆ ದಪ್ಪ ರಬ್ಬರ್ ಹಾಸಿ. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯದು. ಗುಡುಗು ಶುರುವಾದಾಗ ಪ್ಲಗ್ ಕಿತ್ತಿಡಿ. ಅಮೆರಿಕದಿಂದ ನೆಂಟರು ತಂದದ್ದಾದರೆ ಹಿಂಬದಿಯ ಲೇಬಲ್ ಓದದೆ ಸಿಕ್ಕಿಸಲೇಬೇಡಿ: ಅಲ್ಲಿಯದು 120 ವೋಲ್ಟ್, ನಮ್ಮದು 230.