ಒಟ್ಟು ಬೆಲೆಗೆ ಕೊಡುವ ಮುನ್ನ: ಮಾವನ ಕಾರ್ಡುಗಳಿಗೆ ಆದದ್ದು

ಮಾವ ಮೂವತ್ತೆಂಟು ವರ್ಷ ಕೂಡಿಸಿದ್ದ ಕ್ರೀಡಾ ಕಾರ್ಡುಗಳನ್ನು, ಅಂದರೆ ಆಟಗಾರರ ಚಿತ್ರ ಅಚ್ಚಾದ ಪುಟ್ಟ ರಟ್ಟುಗಳನ್ನು, ನಾವು ಒಂದೇ ಮಧ್ಯಾಹ್ನದಲ್ಲಿ ಮಾರಿಬಿಟ್ಟೆವು. ಊಟದ ಹೊತ್ತಿಗೆ ಬಂದ ವ್ಯಾನು ಕತ್ತಲಾಗುವ ಮೊದಲೇ ಹೊರಟುಹೋಯಿತು. ಮನೆಯಲ್ಲಿ ಇಂಥದ್ದೊಂದು ದೊಡ್ಡ ಸಂಗ್ರಹವಿದ್ದು, ಅದನ್ನು ಕೂಡಿಸಿದವರು ತೀರಿಕೊಂಡಿದ್ದರೆ ಅಥವಾ ಅವರಿಗೆ ವಯಸ್ಸಾಗಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ.

ಮಾವನಿಗೆ ಬೇಸ್‌ಬಾಲ್ ಕಾರ್ಡುಗಳೆಂದರೆ ಪ್ರಾಣ. ನನಗೆ ಕ್ರಿಕೆಟ್ ಇಷ್ಟವೆಂದು ತಿಳಿದು, ಜಾನ್ ಪ್ಲೇಯರ್ ಕಂಪನಿ 1934ರಲ್ಲಿ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟು ಹಂಚಿದ್ದ 50 ಕ್ರಿಕೆಟಿಗರ ಪೂರ್ತಿ ಸೆಟ್ ಒಂದನ್ನು ನನಗೆ ಕೊಟ್ಟಿದ್ದರು. ಬ್ರಾಡ್‌ಮನ್ ಇರುವ ಸೆಟ್ ಅದು. ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿಯಬೇಕು, ರಬ್ಬರ್ ಬ್ಯಾಂಡ್ ಹಾಕಬಾರದು ಎಂಬುದನ್ನೆಲ್ಲ ಅವರಿಂದಲೇ ಕಲಿತೆ. ಆದರೆ ಬೇಸ್‌ಬಾಲ್‌ನ ಗಂಧ ನನಗಿರಲಿಲ್ಲ. ಮನೆಯವರ ಕಣ್ಣಿಗೆ ಮಾತ್ರ ನಾನು 'ಕಾರ್ಡುಗಳ ಬಗ್ಗೆ ತಿಳಿದವನು'. ಅತ್ತೆ ನನ್ನನ್ನು ನಂಬಿಕೊಂಡು ಕುಳಿತರು. ಆ ನಂಬಿಕೆಗೆ ನಾನು ತಕ್ಕವನಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾವ ಹೋಗಿ ಎರಡು ತಿಂಗಳಾಗಿತ್ತು. ಅತ್ತೆ ಚಿಕ್ಕ ಮನೆಗೆ ಹೋಗಬೇಕಿತ್ತು, ಕೋಣೆ ತುಂಬ ಪೆಟ್ಟಿಗೆಗಳು. ಮಾವನ ಹಳೆಯ ಪರಿಚಯವೆಂದು ಹೇಳಿಕೊಂಡು ಒಬ್ಬರು ಫೋನು ಮಾಡಿದರು. ಮೃದುವಾದ ಮಾತು. ಬಂದವರು ಮೊದಲ ಅರ್ಧ ಗಂಟೆ ಕಾರ್ಡುಗಳ ಸುದ್ದಿಯನ್ನೇ ಎತ್ತಲಿಲ್ಲ, ಮಾವನನ್ನು ನೆನೆಸಿಕೊಂಡರು. ಅವರು ಆಮೇಲೆ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬೇರೆ ಮನೆಗಳಲ್ಲೂ ಹೀಗೆಯೇ ನಡೆದದ್ದನ್ನು ಅನಂತರ ಕೇಳಿದೆ.

ಅವರು ಮೊದಲು ತೆರೆದದ್ದು ಮೇಲಿದ್ದ ದೊಡ್ಡ ಪೆಟ್ಟಿಗೆಗಳನ್ನು. ಅವುಗಳಲ್ಲಿ ಇದ್ದದ್ದು 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ ಕಾರ್ಡುಗಳು. ಒಂದೇ ಕಾರ್ಡಿನ ನಲವತ್ತಕ್ಕೂ ಹೆಚ್ಚು ಪ್ರತಿಗಳೂ ಇದ್ದವು. ಅವರು ತಮ್ಮ ಮೊಬೈಲಿನಲ್ಲಿ ಆ ಕಾಲದ ಕಾರ್ಡುಗಳ ಈಗಿನ ಬೆಲೆಯನ್ನು ಒಂದೊಂದಾಗಿ ತೋರಿಸಿದರು. ಬಹುತೇಕ ಎಲ್ಲವೂ ಕಾಗದದ ಬೆಲೆಗೆ ಹತ್ತಿರ. "ನಿಮಗೆ ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ, ನೀವೇ ನೋಡಿ" ಎಂದರು.

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ವರ್ಷಗಳಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡು ಅಚ್ಚು ಹಾಕಿದವು. ಹಳೆಯ ಕಾರ್ಡುಗಳಿಗೆ ಭಾರಿ ಬೆಲೆ ಬರುತ್ತಿದೆ ಎಂಬ ಸುದ್ದಿ ಹಬ್ಬಿ, ಕೊಂಡವರೆಲ್ಲ ಒಂದನ್ನೂ ಎಸೆಯದೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದು ಅಪರೂಪವಾಗುವುದು ಹೇಗೆ? ಅದಕ್ಕೂ ಮೊದಲಿನ ಕಾಲದ ಕಥೆ ಇದಕ್ಕೆ ತಿರುಗುಮುರುಗು. ಟಾಪ್ಸ್ ಎಂಬ ಅಮೆರಿಕದ ಕಾರ್ಡು ಕಂಪನಿಯ 1952ರ ಬೇಸ್‌ಬಾಲ್ ಸೆಟ್‌ನ ಕೊನೆಯ ಕಂತು ಮಾರುಕಟ್ಟೆಗೆ ಬರುವ ಹೊತ್ತಿಗೆ ಆಟದ ಋತು ಮುಗಿಯುತ್ತ ಬಂದಿತ್ತು. ಉಳಿದ ಕಾರ್ಡುಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೆತವು. ಕೊನೆಗೆ 1960ರಲ್ಲಿ ಅವನ್ನು ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿದದ್ದಾಗಿ ಆ ಸೆಟ್ ರೂಪಿಸಿದ ಸೈ ಬರ್ಜರ್ ಅವರೇ ಹೇಳಿಕೊಂಡಿದ್ದರು. ಅದೇ ಕಂತಿನ ಮೊದಲ ಕಾರ್ಡು, 311ನೆಯದು, ಮಿಕಿ ಮ್ಯಾಂಟಲ್ ಅವರದು. ಅದರ ಒಂದು ಪ್ರತಿ 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

ಇದನ್ನೆಲ್ಲ ಈಗ ಬಲ್ಲೆ. ಆ ದಿನ ನನಗೆ ತಿಳಿದದ್ದು ಇಷ್ಟೇ: ಎದುರಿಗಿರುವವರು ನಿಜ ಹೇಳುತ್ತಿದ್ದಾರೆ. ಹತ್ತರಲ್ಲಿ ಒಂಬತ್ತು ಪೆಟ್ಟಿಗೆಗಳ ಬಗ್ಗೆ ನಿಜ ಹೇಳಿದವರು ಹತ್ತನೆಯದರ ಬಗ್ಗೆ ಬಾಯಿ ಮುಚ್ಚಿಕೊಂಡರೆ ಯಾರಿಗೆ ಅನುಮಾನ ಬರುತ್ತದೆ?

ಆ ಹತ್ತನೆಯದು ಎರಡು ಹಳೆಯ ಶೂ ಪೆಟ್ಟಿಗೆಗಳು. ಒಂದರ ಒಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಮೂಲೆ ಸವೆದ, ಕಂದು ಬಣ್ಣಕ್ಕೆ ತಿರುಗಿದ ಪುಟ್ಟ ಕಾರ್ಡುಗಳು. ಇನ್ನೊಂದರಲ್ಲಿ ದಪ್ಪ ರಟ್ಟಿನ, ಚೌಕಕ್ಕೆ ಹತ್ತಿರದ ಆಕಾರದವು. ಅವರು ಎರಡೂ ಮುಚ್ಚಳ ತೆಗೆದು, ನಾಲ್ಕೈದನ್ನು ಎತ್ತಿ ನೋಡಿ, "ಮೂಲೆ ಎಲ್ಲ ಹೋಗಿವೆ, ಸ್ಥಿತಿ ಬಹಳ ಕೆಟ್ಟಿದೆ" ಎಂದು ಮುಚ್ಚಿಟ್ಟರು. ಆಮೇಲೆ ಇಡೀ ಕೋಣೆಗೆ ಒಟ್ಟು ಬೆಲೆ ಹೇಳಿದರು. ಒಂದೊಂದಾಗಿ ವಿಂಗಡಿಸುವುದಕ್ಕೆ ತಿಂಗಳುಗಳೇ ಬೇಕು, ನಿಮಗೆ ಆ ಕಷ್ಟ ಬೇಡ, ನಾನೇ ಕೋಣೆ ಖಾಲಿ ಮಾಡಿಸುತ್ತೇನೆ ಎಂದರು. ಅತ್ತೆ ಆ ಎರಡು ಶೂ ಪೆಟ್ಟಿಗೆಗಳನ್ನು ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದಾಗ ಮಾತ್ರ ಅವರ ದನಿ ಬದಲಾಯಿತು. "ಎಲ್ಲ ಸೇರಿದರೆ ಮಾತ್ರ ಈ ಬೆಲೆ. ಅವನ್ನು ಬಿಟ್ಟರೆ ನನಗೆ ಏನೂ ಬೇಡ." ಬೆಲೆಯಿಲ್ಲದ ವಸ್ತುವಿಗಾಗಿ ಇಡೀ ವ್ಯಾಪಾರವನ್ನೇ ಬಿಡಲು ಸಿದ್ಧವಿರುವ ಖರೀದಿದಾರ! ನನ್ನ ಕಿವಿ ಅಲ್ಲಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ನಾನೇ ಅತ್ತೆಗೆ, "ಹೋಗಲಿ ಬಿಡಿ ಅತ್ತೆ, ಕೊಟ್ಟುಬಿಡೋಣ" ಎಂದೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಮಾವ ಪಟ್ಟಿ ಬರೆದಿಟ್ಟಿದ್ದರು. ಮಾರುವ ವಾರದ ಹಿಂದೆ ಅವರ ಮೇಜಿನ ಖಾನೆಯಲ್ಲಿ ಸಿಕ್ಕ ನೀಲಿ ರಟ್ಟಿನ ನೋಟ್‌ಬುಕ್ಕನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. 'ಟಿ206', 'ಟಿ205', 'ಆರ್319', ಪಕ್ಕದಲ್ಲಿ ಸಂಖ್ಯೆಗಳು, ತಾರೀಖುಗಳು. ಯಾವುದೋ ಕಚೇರಿಯ ಕಡತ ಸಂಖ್ಯೆಗಳಿರಬೇಕೆಂದು ಹಳೆಯ ಬಿಲ್ಲುಗಳ ಜೊತೆ ಕಟ್ಟಿಟ್ಟೆ.

ಆ ಅಕ್ಷರಗಳ ಹಿಂದೆ ಒಬ್ಬ ಮನುಷ್ಯನ ಇಡೀ ಬದುಕಿದೆ. ಜೆಫರ್ಸನ್ ಬರ್ಡಿಕ್ ಎಂಬ ಅಮೆರಿಕದ ಸಂಗ್ರಾಹಕರು 1939ರಲ್ಲಿ ಕಾರ್ಡುಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪ್ರತಿ ಸೆಟ್‌ಗೂ ಒಂದು ಅಕ್ಷರ, ಒಂದು ಸಂಖ್ಯೆ ಕೊಡುವ ಕ್ರಮ ಅವರದೇ. 'ಟಿ' ಎಂದರೆ ಇಪ್ಪತ್ತನೇ ಶತಮಾನದ ತಂಬಾಕು ಕಾರ್ಡು. ಟಿ206 ಎಂದರೆ 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬಂದ, ಐನೂರಕ್ಕೂ ಹೆಚ್ಚು ಕಾರ್ಡುಗಳ ಸೆಟ್. ಜಗತ್ತಿನ ಅತಿ ಹೆಸರುವಾಸಿ ಕಾರ್ಡು, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರದು, ಇರುವುದು ಇದರಲ್ಲೇ. ಇನ್ನೊಂದು ಶೂ ಪೆಟ್ಟಿಗೆಯಲ್ಲಿದ್ದ ಆರ್319 ಎಂದರೆ ಗೌಡಿ ಎಂಬ ಚ್ಯೂಯಿಂಗ್ ಗಮ್ ಕಂಪನಿಯ 1933ರ ಸೆಟ್. ಬೇಸ್‌ಬಾಲ್‌ನ ಮಹಾನ್ ಆಟಗಾರ ಬೇಬ್ ರೂತ್ ಅವರದೇ ನಾಲ್ಕು ಕಾರ್ಡುಗಳಿವೆ ಅದರಲ್ಲಿ. ಬರ್ಡಿಕ್ ಸಂಧಿವಾತದಿಂದ ನರಳುತ್ತಲೇ ತಮ್ಮ ಮೂರು ಲಕ್ಷಕ್ಕೂ ಹೆಚ್ಚು ಕಾಗದದ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಟ್ಟು, ವರ್ಷಗಟ್ಟಲೆ ಅಲ್ಲೇ ಕುಳಿತು ಒಂದೊಂದನ್ನೂ ಆಲ್ಬಂಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಸಿದರು. ಎರಡು ತಿಂಗಳಲ್ಲಿ ತೀರಿಕೊಂಡರು. ಅವರ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರಕ್ಕೂ ಮಿಗಿಲು, ಇಂದಿಗೂ ಅಲ್ಲಿ ಒಟ್ಟಿಗೇ ಇವೆ. ಮಾವ ಬರ್ಡಿಕ್ ಅವರ ಭಾಷೆಯಲ್ಲೇ ಬರೆದಿಟ್ಟಿದ್ದರು. ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಓದಬಲ್ಲ ಒಬ್ಬರು ಆ ಮಧ್ಯಾಹ್ನ ವ್ಯಾನು ತಂದಿದ್ದರು.

ಐದು ತಿಂಗಳ ನಂತರ ಒಂದು ಹರಾಜಿನ ಚಿತ್ರಪಟ್ಟಿಯಲ್ಲಿ ಸ್ಥಿತಿ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಯ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಕುಳಿತ ರೂತ್ ಕಾರ್ಡೊಂದನ್ನು ನೋಡಿದೆ. ಎಡಭುಜದ ಬಳಿ ಅಚ್ಚಿನಲ್ಲೇ ಉಳಿದ ಒಂದು ಚುಕ್ಕೆ, ಎಡಗಡೆ ತುಸು ಕಿರಿದಾದ ಬಿಳಿ ಅಂಚು. ಮಾವ ಅದೇ ಕಾರ್ಡನ್ನು ಹಿಡಿದು ನಗುತ್ತಿರುವ ಫೋಟೊ ನನ್ನ ಬಳಿ ಇದೆ. ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕದಲ್ಲಿಟ್ಟು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆ ಒಂದು ಕಾರ್ಡು ನಮಗೆ ಇಡೀ ಕೋಣೆಗೆ ಸಿಕ್ಕ ಹಣದ ಆರು ಪಟ್ಟಿಗೆ ಹೋಯಿತು. ವಕೀಲರ ಬಳಿ ಹೋದೆವು. ಅತ್ತೆ ಸಹಿ ಹಾಕಿದ್ದ ರಸೀದಿಯಲ್ಲಿ 'ಎಲ್ಲವನ್ನೂ ಒಟ್ಟಾಗಿ, ಇದ್ದ ಸ್ಥಿತಿಯಲ್ಲಿ' ಎಂದಿತ್ತು. ಆ ದಿನ ಏನೇನು ಕೊಟ್ಟೆವು ಎಂದು ತೋರಿಸುವ, ಆಗಲೇ ತೆಗೆದ ಫೋಟೊ, ಆಗಲೇ ಮಾಡಿದ ಪಟ್ಟಿ ನಮ್ಮಲ್ಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಹಣ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಸುಡುವುದು ಆ ಗೌಡಿ ಸೆಟ್‌ನ ಗತಿ. ಮಾವ ಹನ್ನೊಂದು ವರ್ಷ ಹುಡುಕಿ ಅದನ್ನು ಪೂರ್ತಿಗೆ ಹತ್ತಿರ ತಂದಿದ್ದರು. 240 ಕಾರ್ಡುಗಳಲ್ಲಿ 106ನೆಯದನ್ನು ಕಂಪನಿ 1933ರಲ್ಲಿ ಹಂಚಲೇ ಇಲ್ಲ; ಕಾಗದ ಬರೆದು ಕೇಳಿದವರಿಗೆ ಮರುವರ್ಷ ಕಳಿಸಿಕೊಟ್ಟಿತು. ಹಾಗಾಗಿ ಅದು ಸಾಮಾನ್ಯರ ಕೈಗೆ ಎಟುಕುವುದಿಲ್ಲ, ಮಾವನಿಗೂ ಸಿಕ್ಕಿರಲಿಲ್ಲ. ಆ ಒಂದು ಖಾಲಿ ಜಾಗದ ಸಮೇತ ಅದು ಅವರ ಬದುಕಿನ ಕೆಲಸವಾಗಿತ್ತು. ಖರೀದಿದಾರರು ಒಳ್ಳೆಯ ಇಪ್ಪತ್ತನ್ನು ಕವಚಕ್ಕೆ ಹಾಕಿಸಿ ಮಾರಿ, ಮಿಕ್ಕವನ್ನು ಬಿಡಿಬಿಡಿಯಾಗಿ ಚದುರಿಸಿದರು. ಅದನ್ನು ಮತ್ತೆ ಯಾರೂ ಕೂಡಿಸಲಾರರು.

ಹಾಗಾಗಿ ಕೇಳಿಕೊಳ್ಳುತ್ತೇನೆ. ಬೆಲೆ ಕಟ್ಟುವವರಿಗೇ ಮಾರಬೇಡಿ. ಬೆಲೆ ಹೇಳುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು ಆಗಿರಲಿ. ಹೇಳುವವರಿಗೆ ಸಂಬಳ ಕೊಡಬೇಕಾದರೆ ಕೊಡಿ. ಯಾರನ್ನೂ ಮನೆಗೆ ಕರೆಯುವ ಮೊದಲು ಹಳೆಯದಾಗಿ ಕಾಣುವ ಪ್ರತಿ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆಯಿರಿ. ಮೂಲೆ ಸವೆದಿದೆ, ಹರಿದಿದೆ ಎಂಬ ಮಾತಿಗೆ ಮರುಳಾಗಬೇಡಿ: ಅರ್ಧಕ್ಕೆ ಹರಿದುಹೋಗಿದ್ದ ವ್ಯಾಗ್ನರ್ ಕಾರ್ಡೊಂದು 2021ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರಿಗೆ ಮಾರಾಟವಾಗಿದೆ. 'ಎಲ್ಲ ಸೇರಿದರೆ ಮಾತ್ರ' ಎಂದವರನ್ನು ಅಂದು ಬರಿಗೈಯಲ್ಲಿ ಕಳಿಸಿ. ನಿಜವಾದ ಖರೀದಿದಾರರು ಮುಂದಿನ ವಾರವೂ ಬರುತ್ತಾರೆ.

ಕಾರ್ಡು ಚೆನ್ನಾಗಿ ಕಾಣಲೆಂದು ಒರೆಸುವುದು, ಅಳಿಸುವುದು, ಅಂಚು ಕತ್ತರಿಸುವುದು ಮಾಡಲೇಬೇಡಿ. ಒಂದರಿಂದ ಹತ್ತರವರೆಗೆ ದರ್ಜೆ ಕೊಡುವ ಸಂಸ್ಥೆಗಳು ಇಂಥದ್ದನ್ನು ಕಂಡರೆ ದರ್ಜೆಯನ್ನೇ ಕೊಡದೆ ಹಿಂತಿರುಗಿಸಬಹುದು. ಹಾಗೆಂದು ದರ್ಜೆಯ ಚೀಟಿಯೇ ವೇದವಾಕ್ಯವಲ್ಲ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತೊಬ್ಬರ ಜೊತೆ ಸೇರಿ 1991ರಲ್ಲಿ ಕೊಂಡ ವ್ಯಾಗ್ನರ್ ಕಾರ್ಡಿಗೆ ಹತ್ತರಲ್ಲಿ ಎಂಟು ದರ್ಜೆ ಸಿಕ್ಕಿತ್ತು. ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಕೊಳ್ಳುವವರು ಕವಚದ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಚಿತ್ರವಿದ್ದರೆ ಹೋಲಿಸಿ ನೋಡಿ. ಮೃದುವಾದ ಪಿವಿಸಿ ಪ್ಲಾಸ್ಟಿಕ್ ಹಾಳೆಗಳಲ್ಲಿ ಕಾರ್ಡುಗಳಿದ್ದರೆ ಹುಷಾರಾಗಿ ಬದಲಾಯಿಸಿ, ಕಾಲ ಕಳೆದಂತೆ ಅದರ ಎಣ್ಣೆಯಂಥ ಪಸೆ ಕಾರ್ಡಿಗೆ ಹತ್ತುತ್ತದೆ.

ಸಂಗ್ರಾಹಕರಿಗೆ ನನ್ನ ಮಾತು ಒಂದೇ. ನಿಮ್ಮ ಗೂಢಲಿಪಿಯಲ್ಲಿ ಬರೆಯಬೇಡಿ. 'ಈ ಪೆಟ್ಟಿಗೆಯಲ್ಲಿರುವುದು ನೂರು ವರ್ಷ ಹಳೆಯ ಕಾರ್ಡುಗಳು, ಬಹಳ ಬೆಲೆಯವು, ಇಂಥವರನ್ನು ಕೇಳದೆ ಮಾರಬೇಡಿ. ಆ ಹನ್ನೆರಡು ಪೆಟ್ಟಿಗೆಗಳಿಗೆ ಬೆಲೆಯಿಲ್ಲ, ಮಕ್ಕಳಿಗೆ ಕೊಡಿ' ಎಂದು ಮನೆಯವರ ಮಾತಿನಲ್ಲಿ ಬರೆಯಿರಿ. ಸೆಟ್ ಒಡೆಯಬಾರದು ಎಂಬ ಆಸೆಯಿದ್ದರೆ ಅದನ್ನೂ ಬರೆಯಿರಿ. ಬರೆದ ಹಾಳೆಯನ್ನು ಮೇಜಿನ ಖಾನೆಯಲ್ಲಿ ಅಡಗಿಸದೆ ಪೆಟ್ಟಿಗೆಯ ಮುಚ್ಚಳದ ಒಳಗೇ ಅಂಟಿಸಿ.

ಕಳೆದ ಭಾನುವಾರ ನನ್ನ ಕ್ರಿಕೆಟ್ ಕಾರ್ಡುಗಳನ್ನು ಮಗಳ ಮುಂದೆ ಹರಡಿಕೊಂಡು ಕುಳಿತೆ. ನಾನು ಹೇಳುತ್ತ ಹೋದೆ, ಅವಳು ತನ್ನ ಅಕ್ಷರದಲ್ಲಿ ಬರೆದುಕೊಳ್ಳುತ್ತ ಹೋದಳು. ಅರ್ಥವಾಗದ ಕಡೆಯೆಲ್ಲ ನಿಲ್ಲಿಸಿ ಕೇಳಿದಳು. ಬ್ರಾಡ್‌ಮನ್ ಕಾರ್ಡಿನ ಎದುರು 'ಅಜ್ಜನ ಮನೆಯಿಂದ ಬಂದದ್ದು, ಮಾರುವಂತಿಲ್ಲ' ಎಂದು ಅವಳೇ ಬರೆದುಕೊಂಡಿದ್ದಾಳೆ. ಮೂರು ಪೆಟ್ಟಿಗೆ ಮುಗಿದಿವೆ, ಇನ್ನೂ ಐದು ಇವೆ.