ನಂಬಿಕೆಯೋ, ಸತ್ಕ್ರಿಯೆಯೋ: ಕಾರವಾರದ ಒಂದು ಬೈಬಲ್ ಅಧ್ಯಯನ ತರಗತಿ

ಕೋಡಿಬಾಗದಲ್ಲಿ ನಾಲ್ಕು ಭಾನುವಾರ ಸಂಜೆ ನಡೆದ ಈ ತರಗತಿಗೆ ಶುಲ್ಕ ಕೊಟ್ಟು ಸೇರಿದ ನನಗೆ, ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ನಂಬಿಕೆಯಿಂದಲೋ ಸತ್ಕ್ರಿಯೆಯಿಂದಲೋ ಎಂಬ ಪ್ರಶ್ನೆಯನ್ನು ಬೋಧಕರು ಬೈಬಲಿನ ಪತ್ರಿಕೆಗಳ (ಅಪೊಸ್ತಲರ ಪತ್ರಗಳ) ಪಠ್ಯದಿಂದಲೇ ಬಿಡಿಸಿದ ಕ್ರಮ ಹಿಡಿಸಿತು. ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯು ರಕ್ಷಣೆಯನ್ನು ಕ್ರಿಯೆಗಳಿಂದ ಬಾರದ, ನಂಬಿಕೆಯ ಮೂಲಕ ದೊರೆಯುವ ದೇವರ ವರವೆನ್ನುತ್ತದೆ. ಯಾಕೋಬನೋ ತನ್ನ ಪತ್ರಿಕೆಯಲ್ಲಿ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆನ್ನುತ್ತಾನೆ. ಒಬ್ಬನು ಬೇರಾದ ನಂಬಿಕೆಯನ್ನು, ಇನ್ನೊಬ್ಬನು ಫಲವಾದ ಕ್ರಿಯೆಯನ್ನು ಕುರಿತು ಹೇಳುತ್ತಾನೆಂಬ ಸಮಾಧಾನ ಹಳೆಯದೇ. ಆದರೂ ಪೌಲನೇ ಎಫೆಸ 2:10ರಲ್ಲಿ ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಸಲ್ಪಟ್ಟವರೆಂದು ಬರೆದಿರುವುದನ್ನು ಓದಿಸಿದಾಗ ಅದಕ್ಕೆ ತೂಕ ಬಂತು.

ಆದರೆ 1547ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಇದೇ ಪ್ರಶ್ನೆಯ ಬಗ್ಗೆ ಕೊಟ್ಟ ನಿರ್ಣಯವನ್ನು ಐದೇ ನಿಮಿಷದಲ್ಲಿ ಮುಗಿಸಿ, ಕ್ಯಾಥೊಲಿಕರೂ ಪ್ರೊಟೆಸ್ಟಂಟ್ ಪಂಗಡದ ಲೂಥರನ್ನರೂ 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇದೇ ವಿಷಯದ ಮೇಲೆ ಸಹಿ ಮಾಡಿದ ಜಂಟಿ ಘೋಷಣೆಯನ್ನು ಹೆಸರಿಸದೆಯೇ ಬಿಟ್ಟದ್ದು, ಕ್ಯಾಥೊಲಿಕ್ ಕುಟುಂಬಗಳು ಸಾಕಷ್ಟಿರುವ ನಮ್ಮ ಕರಾವಳಿಯಲ್ಲಿ ಸಣ್ಣ ಕೊರತೆಯಲ್ಲ. ಕೊಟ್ಟ ಟಿಪ್ಪಣಿಯ ಮುದ್ರಣವೂ ಮಸುಕು.