ರಮ್, ಬ್ರಾಂಡಿ, ವಿಸ್ಕಿ: ಯಾವ ಹಣ್ಣಿನ ಜಾಮ್‌ಗೆ ಯಾವುದು?

ಮನೆಯಲ್ಲಿ ಜಾಮ್ ಮಾಡಿ ಕೊನೆಗೆ ಸ್ವಲ್ಪ ‘ಎಣ್ಣೆ’ ಸೇರಿಸುವವರು ಸಾಮಾನ್ಯವಾಗಿ ಬ್ರಾಂಡಿಗೇ ಕೈಹಾಕುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮ ಹಣ್ಣುಗಳಿಗೆ, ನಮ್ಮ ಎಂಆರ್‌ಪಿ ಅಂಗಡಿಯಲ್ಲಿ ಸಿಗುವ ಸರಕಿಗೆ, ರಮ್ಮೇ ಮೇಲು. ಬ್ರಾಂಡಿ ಗೆಲ್ಲುವುದು ಕಿತ್ತಳೆಯಲ್ಲಿ. ವಿಸ್ಕಿಗೂ ಒಂದು ಜಾಗ ಇದೆ, ಅದು ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ಹೋಲಿಕೆ ನ್ಯಾಯವಾಗಿರಬೇಕು ಅಂತ ಒಂದು ನಿಯಮ ಇಟ್ಟುಕೊಂಡೆ. ಒಂದು ಹಣ್ಣಿಗೆ ಒಂದೇ ಪಾತ್ರೆ. ಒಂದು ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಹದ ಬಂದ ಮೇಲೆ ಅದನ್ನೇ ನಾಲ್ಕು ಪಾಲು ಮಾಡುವುದು: ಒಂದಕ್ಕೆ ರಮ್, ಒಂದಕ್ಕೆ ಬ್ರಾಂಡಿ, ಒಂದಕ್ಕೆ ವಿಸ್ಕಿ, ಇನ್ನೊಂದು ಹಾಗೇ ಖಾಲಿ. ಖಾಲಿ ಪಾಲು ಬೇಕೇ ಬೇಕು. ಅದಿಲ್ಲದಿದ್ದರೆ ಯಾವುದು ಹಣ್ಣಿನ ರುಚಿ, ಯಾವುದು ಬಾಟಲಿಯ ರುಚಿ ಅಂತ ನಾಲಿಗೆಗೆ ತಿಳಿಯುವುದಿಲ್ಲ. ಅಳತೆ ಎಲ್ಲಕ್ಕೂ ಒಂದೇ, ಒಂದು ಕಿಲೋ ಸಿದ್ಧ ಜಾಮ್‌ಗೆ 60 ಎಂಎಲ್, ಅಂದರೆ ನಾಲ್ಕು ದೊಡ್ಡ ಚಮಚ. 180ರ ಕ್ವಾರ್ಟರ್ ತಂದರೆ ಮೂರು ಕಿಲೋಗೆ ಸಾಕು. ಅಂಗಡಿಯಲ್ಲಿ ನಿಂತು “ಜಾಮ್‌ಗೆ ಬೇಕು” ಅಂದರೆ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಅನಾನಸ್‌ನಿಂದ ಶುರು ಮಾಡಿದೆ. ಬನವಾಸಿ ಕಡೆಯಿಂದ ಬಂದ ಹಣ್ಣು, ತುರಿದು ಹಾಕಿದ್ದು. ಅನಾನಸ್‌ನಲ್ಲಿ ಜಾಮ್ ಕಟ್ಟಿಕೊಳ್ಳಲು ಬೇಕಾದ ಪೆಕ್ಟಿನ್ ಅನ್ನುವ ಅಂಶ ಕಡಿಮೆ, ಎಷ್ಟು ಕುದಿಸಿದರೂ ಗೊಜ್ಜಿನ ಹಾಗೇ ಇರುತ್ತದೆ. ಹಾಗಾಗಿ ಎರಡು ಸೀಬೆಹಣ್ಣನ್ನು ಬೇಯಿಸಿ ಸೋಸಿದ ನೀರನ್ನು ಸೇರಿಸಿದೆ. ಸೀಬೆಯಲ್ಲಿ ಪೆಕ್ಟಿನ್ ಧಾರಾಳ, ಚೆನ್ನಾಗಿ ಕಟ್ಟಿಕೊಂಡಿತು. ಇದರಲ್ಲಿ ರಮ್‌ಗೂ ಉಳಿದ ಎರಡಕ್ಕೂ ಹೋಲಿಕೆಯೇ ಇಲ್ಲ. ಒಂದೆರಡು ಲವಂಗ ಹಾಕಿ ಕುದಿಸಿದ ಅನಾನಸ್‌ಗೆ ಕಪ್ಪು ರಮ್ ಬಿದ್ದ ಕೂಡಲೇ ಸುಟ್ಟ ಸಕ್ಕರೆಯ, ಬೆಲ್ಲದ ಘಮ ಎದ್ದು ಬರುತ್ತದೆ. ಬ್ರಾಂಡಿ ಹಾಕಿದ ಪಾಲು ಮೊದಲ ದಿನ ಚೆನ್ನಾಗಿತ್ತು, ತಿಂಗಳು ಕಳೆದ ಮೇಲೆ ತೆರೆದರೆ ಖಾಲಿ ಪಾಲಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವಿಸ್ಕಿ ಹಾಕಿದ್ದು ಗಂಟಲಲ್ಲಿ ಒಣಗಿದ ಹಾಗೆ, ಸ್ವಲ್ಪ ಕಹಿ.

ಯಾಕೆ ಹೀಗೆ ಅಂತ ಯೋಚಿಸಿದರೆ ಕಾರಣ ಸರಳ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬ್ರಾಂಡಿ, ವಿಸ್ಕಿಗಳಲ್ಲಿ ದೊಡ್ಡ ಪಾಲು ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ, ಇಳಿಸಿದ ಮದ್ಯಸಾರವೇ ಇರುತ್ತದೆ. ಅದಕ್ಕೆ ಒಂದಿಷ್ಟು ದ್ರಾಕ್ಷಿಯದ್ದೋ ಮಾಲ್ಟ್‌ನದ್ದೋ ಬೆರೆಸಿ, ಬಣ್ಣ, ವಾಸನೆ ಕೂಡಿಸುತ್ತಾರೆ. ಜಾಮ್‌ನ ಬಿಸಿಗೆ ಆ ಮೇಲುಮೇಲಿನ ವಾಸನೆ ಮೊದಲು ಹಾರಿಹೋಗುತ್ತದೆ. ರಮ್ ಮಾತ್ರ ಹುಟ್ಟಿದ್ದೇ ಕಾಕಂಬಿಯಿಂದ. ಸಕ್ಕರೆಯ ಜೊತೆ ಅದಕ್ಕೆ ಹಳೇ ನೆಂಟಸ್ತನ. 1954ರಿಂದ ಮಾರುಕಟ್ಟೆಯಲ್ಲಿರುವ ಓಲ್ಡ್ ಮಾಂಕ್ ನನಗೆ ಇದಕ್ಕೆ ಸಾಕಷ್ಟಾಯಿತು. ದುಬಾರಿ ರಮ್ ತಂದು ಜಾಮ್‌ಗೆ ಸುರಿಯುವುದು ದುಡ್ಡು ದಂಡ.

ಅಂಜೂರದಲ್ಲೂ ರಮ್ಮೇ. ಹಸಿ ಅಂಜೂರ ಬೆಂದಾಗ ಬರುವ ಜೇನಿನಂಥ ವಾಸನೆಗೆ ಅದು ಸರಿಯಾಗಿ ಕೂರುತ್ತದೆ. ಆದರೆ ಅಂಜೂರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರಲ್ಲಿ ಹುಳಿ ಬಹಳ ಕಡಿಮೆ. ಬಾಟಲಿಯಲ್ಲಿ ಮುಚ್ಚಿಡುವ ಹಣ್ಣಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿರಬೇಕು, ಮೇಲಿದ್ದರೆ ಬಾಟ್ಯುಲಿಸಂ ಅನ್ನುವ ಭಾರೀ ವಿಷದ ಅಪಾಯ. ಅಂಜೂರ ಸರಿಯಾಗಿ ಆ ಗೆರೆಯ ಮೇಲೇ ನಿಲ್ಲುತ್ತದೆ. ಅರ್ಧ ಲೀಟರ್ ಬಾಟಲಿಗೆ ಒಂದು ದೊಡ್ಡ ಚಮಚ ನಿಂಬೆರಸ ತಪ್ಪಿಸಬಾರದು. ಇದಕ್ಕೆ ಮಾತ್ರ ನಾನು ಅಂಗಡಿಯ ಬಾಟಲಿ ನಿಂಬೆರಸ ಬಳಸುತ್ತೇನೆ, ಅದರ ಹುಳಿ ಸದಾ ಒಂದೇ ಸಮ ಇರುತ್ತದೆ. ನಮ್ಮ ನಿಂಬೆ ಒಂದೊಂದು ಕಾಯಿಗೆ ಒಂದೊಂದು ಥರ, ಅಲ್ವಾ.

ಇನ್ನು ಕಿತ್ತಳೆ. ಕಾಫಿ ತೋಟದ ನೆರಳಲ್ಲಿ ಬೆಳೆಯುವ ಕೊಡಗಿನ ಕಿತ್ತಳೆ ಸಿಕ್ಕರೆ ಬಿಡಬೇಡಿ. ಹೊರಗೆ ಹಸಿರು ಹಳದಿ, ನಾಗಪುರದ ಹಣ್ಣಿನ ಹಾಗೆ ಸಿಪ್ಪೆ ಸಡಿಲ ಇರುವುದಿಲ್ಲ. ನೋಡೋಕೆ ಕಾಯಿ ಥರ, ರಸದಲ್ಲಿ ಸಿಹಿಹುಳಿ ಸಮಸಮ. ಸಿಪ್ಪೆಯನ್ನು ಕಡ್ಡಿಕಡ್ಡಿಯಾಗಿ ಹೆಚ್ಚಿ ಒಂದು ಸಲ ಕುದಿಸಿ ಆ ನೀರು ಚೆಲ್ಲಿ, ಆಮೇಲೆ ರಸದ ಜೊತೆ ಬೇಯಿಸಬೇಕು. ಬೀಜ, ಒಳಗಿನ ಬಿಳಿ ನಾರು ಎಸೆಯಬೇಡಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಬಿಟ್ಟರೆ ಪೆಕ್ಟಿನ್ ಪುಕ್ಕಟೆ ಸಿಗುತ್ತದೆ. ಇದಕ್ಕೆ ರಮ್ ಹಾಕಿದರೆ ಕಿತ್ತಳೆಯೇ ಕಾಣೆ, ಬೆಲ್ಲದ ಪಾಕದಲ್ಲಿ ಸಿಪ್ಪೆ ತೇಲಿದ ಹಾಗಾಗುತ್ತದೆ. ಬ್ರಾಂಡಿ ಇಲ್ಲಿ ಸೌಮ್ಯ. ಸಿಪ್ಪೆಯ ಘಮವನ್ನು ಮುಂದಕ್ಕೆ ತಳ್ಳಿ ತಾನು ಹಿಂದೆ ನಿಲ್ಲುತ್ತದೆ. ಲೇಬಲ್ ಮೇಲೆ ಪೂರ್ತಿ ದ್ರಾಕ್ಷಿಯದ್ದು ಅಂತ ಬರೆದಿರುವ ಬ್ರಾಂಡಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಈ ಒಂದು ಜಾಮ್‌ನಲ್ಲಿ ವಸೂಲಾಗುತ್ತದೆ.

ಪಕ್ಕದ ಮನೆ ಆಂಟಿ ಪ್ರತಿ ಡಿಸೆಂಬರ್‌ನಲ್ಲಿ ಕೇಕ್‌ಗೆ ಅಂತ ಒಣಹಣ್ಣು ರಮ್‌ನಲ್ಲಿ ನೆನೆಹಾಕುವವರು. ಯಾವುದರಲ್ಲಿ ಏನಿದೆ ಅಂತ ಹೇಳದೆ ನಾಲ್ಕೂ ಬಟ್ಟಲು ಕೊಟ್ಟೆ. ಕಿತ್ತಳೆ-ವಿಸ್ಕಿ ಬಾಯಿಗಿಟ್ಟು, “ಇದ್ಯಾಕೋ ಜಗಳ ಆಡ್ತಿದೆ ಕಣಮ್ಮ” ಅಂದರು. ಬ್ರಾಂಡಿ ಹಾಕಿದ್ದರ ಬಟ್ಟಲನ್ನು ವಾಪಸ್ ಕೊಡಲೇ ಇಲ್ಲ.

ಸ್ಕಾಟ್ಲೆಂಡ್‌ನವರು ಕಿತ್ತಳೆ ಮಾರ್ಮಲೇಡ್‌ಗೆ ವಿಸ್ಕಿ ಹಾಕುತ್ತಾರಲ್ಲ, ನಮಗೇಕೆ ಆಗಲಿಲ್ಲ? ಅವರು ಬಳಸುವುದು ಸ್ಪೇನಿನ ಸೆವಿಲ್ ಕಿತ್ತಳೆ. ಬಿಡಿಸಿ ತಿನ್ನಲಾಗದಷ್ಟು ಹುಳಿ, ಕಹಿ. ಆ ಕಹಿಗೆ ವಿಸ್ಕಿಯ ಖಾರ ಹೊಂದುತ್ತದೆ. ನಮ್ಮ ಕಿತ್ತಳೆಯಲ್ಲಿ ಅಷ್ಟು ಕಹಿ ಎಲ್ಲಿಂದ ಬರಬೇಕು? ಆಗ ಹೊಳೆದದ್ದು ಹೇರಳೆಕಾಯಿ. ಚಿತ್ರಾನ್ನಕ್ಕೆ, ಗೊಜ್ಜಿಗೆ, ಉಪ್ಪಿನಕಾಯಿಗೆ ಬಳಸುವ ಅದೇ ಕಾಯಿ. ಸಿಪ್ಪೆ ದಪ್ಪ, ಹುಳಿ, ಕಹಿ ಎರಡೂ ಧಾರಾಳ. ಸಿಪ್ಪೆಯನ್ನು ಎರಡು ನೀರಲ್ಲಿ ಕುದಿಸಿ ಚೆಲ್ಲಿ, ಸಕ್ಕರೆಯನ್ನು ಹಣ್ಣಿನಷ್ಟೇ ತೂಕಕ್ಕೆ ಏರಿಸಿ ಮಾರ್ಮಲೇಡ್ ಮಾಡಿದೆ. ವಿಸ್ಕಿ ಹಾಕಿದ ಪಾಲು ಉಳಿದ ಮೂರನ್ನೂ ಹಿಂದೆ ಹಾಕಿತು. ಬ್ರೆಡ್ಡಿಗೆ ಹಚ್ಚಿ ತಿನ್ನುವುದಕ್ಕಿಂತ ಚಪಾತಿಯ ಜೊತೆ ಇನ್ನೂ ಚೆಂದ. ಈ ಇಡೀ ಪ್ರಯೋಗದಲ್ಲಿ ನನಗೆ ಅತಿ ಖುಷಿ ಕೊಟ್ಟ ಬಾಟಲಿ ಇದೇ.

ಬೆಂಗಳೂರು ನೀಲಿ ದ್ರಾಕ್ಷಿಗೆ ಏನೂ ಬೇಡ. ಅದರ ಸ್ವಂತ ವಾಸನೆಯೇ ಅಷ್ಟು ಜೋರು, ಮೂರೂ ಸೋತವು. ಗೋವಾದ ಗೇರು ಫೆನಿಯನ್ನು ಅಲ್ಲಿನ ನೆಂಟರ ಮನೆಯಲ್ಲಿ ಅನಾನಸ್ ಜಾಮ್‌ಗೆ ಹಾಕಿ ನೋಡಿದೆ. ಫೆನಿ ಇಷ್ಟ ಇದ್ದವರಿಗೆ ಸ್ವರ್ಗ, ಇಲ್ಲದವರು ಅಡುಗೆಮನೆಯಿಂದಲೇ ಎದ್ದು ಹೋಗುತ್ತಾರೆ.

ಯಾವ ಬಾಟಲಿ ಅನ್ನುವುದಕ್ಕಿಂತ ಯಾವಾಗ ಹಾಕುತ್ತೀರಿ ಅನ್ನುವುದು ಹೆಚ್ಚು ಮುಖ್ಯ ಅಂತ ಈಗ ಅನಿಸುತ್ತಿದೆ. ಮದ್ಯಸಾರ ಕುದಿಯುವುದು 78 ಡಿಗ್ರಿಗೆ, ಜಾಮ್ ಕುದಿಯುವುದು ನೂರರ ಮೇಲೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಕುದಿಯುವ ಪದಾರ್ಥಕ್ಕೆ ಹಾಕಿ ತಕ್ಷಣ ಒಲೆಯಿಂದ ಇಳಿಸಿದರೆ ಮದ್ಯಸಾರದಲ್ಲಿ ನೂರಕ್ಕೆ 85 ಪಾಲು ಉಳಿಯುತ್ತದೆ. ಕಾಲು ಗಂಟೆ ಕುದಿಸಿದರೆ 40 ಪಾಲು, ಒಂದು ಗಂಟೆಗೆ 25. ಮೊದಲೇ ಹಾಕಿ ಕುದಿಸಿದ ಪಾತ್ರೆಯಲ್ಲೂ ರಮ್‌ನ ಸಿಹಿ, ಬಣ್ಣ ಉಳಿಯಿತು, ಮೂಗಿಗೆ ಏರುವ ಘಮ ಮಾತ್ರ ಹೋಯಿತು. ಹಾಗಾಗಿ ಕೊನೆಗೇ ಹಾಕಿ. ಗ್ಯಾಸ್ ಪೂರ್ತಿ ಆರಿಸಿ, ಒಂದೆರಡು ನಿಮಿಷ ಬಿಟ್ಟು, ಉದ್ದ ಹಿಡಿಯ ಸೌಟಲ್ಲಿ ಸ್ವಲ್ಪಸ್ವಲ್ಪವೇ. ಬಿದ್ದ ಕೂಡಲೇ ಜಾಮ್ ಬುಸ್ ಅಂತ ಉಕ್ಕಿ ನೊರೆ ಬರುತ್ತದೆ, ಆವಿ ಕಣ್ಣಿಗೆ ಚುರ್ ಅನ್ನುತ್ತದೆ. ಪಕ್ಕದ ಒಲೆಯೂ ಉರಿಯುತ್ತಿರಬಾರದು. ಆ ಆವಿ ಬೆಂಕಿ ಹಿಡಿಯುತ್ತದೆ.

60 ಎಂಎಲ್ ದ್ರವ ಸೇರಿದರೆ ಜಾಮ್ ಸಡಿಲವಾಗುತ್ತದಾದ್ದರಿಂದ ಹದ ಒಂದು ಕೂದಲೆಳೆ ಗಟ್ಟಿ ಇರಬೇಕು. ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿದರೆ ಸುಕ್ಕುಗಟ್ಟಬೇಕು. ಥರ್ಮಾಮೀಟರ್ ಇಟ್ಟವರಿಗೆ ಒಂದು ಮಾತು: ಪುಸ್ತಕದಲ್ಲಿರುವ 104-105 ಡಿಗ್ರಿ ಮಂಗಳೂರಿನಂಥ ಸಮುದ್ರದಂಡೆಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರೇ 97ಕ್ಕೆ ಕುದಿಯುತ್ತದೆ. 101-102 ಮುಟ್ಟಿದರೆ ಸಾಕು. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಪುಸ್ತಕ ನಂಬಿ 105ರ ತನಕ ಕಾಯಿಸಿದರೆ ಜಾಮ್ ಹೋಗಿ ಮಿಠಾಯಿ ಆಗುತ್ತದೆ.

ಬಾಟಲಿ ಮುಚ್ಚುವುದರಲ್ಲೂ ಎರಡು ಪಂಗಡ ಇದೆ. ಬಿಸಿಬಿಸಿ ತುಂಬಿ, ಮುಚ್ಚಳ ಬಿಗಿದು ತಲೆಕೆಳಗೆ ಮಾಡಿ ಇಡುವುದು ಒಂದು. ಎಲ್ಲರೂ ಮಾಡುವುದು ಇದೇ, ಸುಲಭ ಕೂಡ. ತುಂಬಿದ ಬಾಟಲಿಯನ್ನು ಮುಳುಗುವಷ್ಟು ನೀರಲ್ಲಿಟ್ಟು ಕುದಿಸುವುದು ಇನ್ನೊಂದು. ಮದ್ಯ ಹಾಕಿದ ಜಾಮ್‌ಗೆ ನಾನು ಎರಡನೆಯದನ್ನೇ ಒಪ್ಪುತ್ತೇನೆ. ತಣ್ಣನೆಯ ರಮ್ ಬಿದ್ದಾಗ ಜಾಮ್‌ನ ಬಿಸಿ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಸಣ್ಣ ಬಾಟಲಿಗಳಿಗೆ ತುಂಬುವಷ್ಟರಲ್ಲಿ ಇನ್ನೂ ಇಳಿದಿರುತ್ತದೆ. ತಲೆಕೆಳಗೆ ಮಾಡಿದಾಗ ಮುಚ್ಚಳ ಸರಿಯಾಗಿ ಎಳೆದುಕೊಳ್ಳದೆ, ಮಳೆಗಾಲದಲ್ಲಿ ಅಂಚಿಗೆ ಬೂಸ್ಟು ಬರುತ್ತದೆ.

ಕುದಿಸಲು ವಿಶೇಷ ಪಾತ್ರೆ ಬೇಡ. ದೊಡ್ಡ ಇಡ್ಲಿ ಪಾತ್ರೆಯ ತಳಕ್ಕೆ ಹಳೇ ಬಟ್ಟೆ ಹಾಸಿ, ಬಾಟಲಿಗಳು ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ಬಾಟಲಿಯ ಬಾಯಿಂದ ಕಾಲು ಇಂಚು ಖಾಲಿ ಬಿಟ್ಟಿರಬೇಕು, ಅಂಚು ಒರೆಸಿರಬೇಕು. ಬಿಸಿ ಬಾಟಲಿಗೆ ಬಿಸಿ ಜಾಮ್, ಬಿಸಿ ನೀರು. ತಣ್ಣನೆ ಬಾಟಲಿಯನ್ನು ಬಿಸಿನೀರಿಗಿಟ್ಟರೆ ಟಪ್ ಅಂತ ಸೀಳುತ್ತದೆ. ಸಮುದ್ರಮಟ್ಟದಲ್ಲಿ ಐದು ನಿಮಿಷ ಕುದಿಸಿದರೆ ಆಗುತ್ತದೆ, ಬೆಂಗಳೂರು, ಮೈಸೂರಿನ ಎತ್ತರಕ್ಕೆ ಹತ್ತು ನಿಮಿಷ ಬೇಕು. ತಣಿದ ಮೇಲೆ ಮುಚ್ಚಳದ ನಡುಭಾಗ ಒಳಕ್ಕೆ ಕುಳಿತಿರಬೇಕು, ಒತ್ತಿದರೆ ಟಿಕ್ ಅನ್ನಬಾರದು. ಹಳೇ ಜೇನುತುಪ್ಪದ, ಜಾಮ್‌ನ ಬಾಟಲಿ ಧಾರಾಳ ಬಳಸಿ, ಆದರೆ ಮುಚ್ಚಳ ಹೊಸದೇ ಇರಲಿ. ಒಮ್ಮೆ ಬಳಸಿದ ಮುಚ್ಚಳದೊಳಗಿನ ಮೆತ್ತನೆ ಉಂಗುರ ಆಗಲೇ ಒತ್ತಿಹೋಗಿರುತ್ತದೆ. ಮುಚ್ಚಿದ ಬಾಟಲಿಯೊಳಗೆ ಕುದಿಯುವುದರಿಂದ ಘಮ ಹೋಗುತ್ತದೆ ಅನ್ನುವ ಭಯ ಬೇಡ, ಕುದಿಸಿದ್ದಕ್ಕೂ ಕುದಿಸದ್ದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

“ರಮ್ ಇದೆಯಲ್ಲ, ಕೆಡಲ್ಲ ಬಿಡು” ಅನ್ನುವವರು ಬಹಳ. ಲೆಕ್ಕ ಹಾಕಿ. ನೂರಕ್ಕೆ 42.8 ಪಾಲು ಮದ್ಯಸಾರ ಇರುವ ರಮ್ 60 ಎಂಎಲ್ ಹಾಕಿದರೆ ಕಿಲೋ ಜಾಮ್‌ನಲ್ಲಿ ಮದ್ಯಸಾರ ಹೆಚ್ಚೆಂದರೆ ನೂರಕ್ಕೆ ಮೂರು ಪಾಲು. ಕೆಡದಂತೆ ತಡೆಯಲು ಇಪ್ಪತ್ತರ ಹತ್ತಿರ ಬೇಕು. ಜಾಮ್ ಕಾಯುವುದು ಸಕ್ಕರೆ, ಹುಳಿ, ಕುದಿತ. ರಮ್ ಬರೀ ಘಮಕ್ಕೆ.

ಮದ್ಯವೇ ಹಣ್ಣನ್ನು ಕಾಯುವ ಕ್ರಮ ಬೇರೆ ಇದೆ, ಜರ್ಮನಿಯ ರುಮ್‌ಟಾಪ್. ಜಾಡಿಯಲ್ಲಿ ಬೇಸಿಗೆಯ ಸ್ಟ್ರಾಬೆರಿಯಿಂದ ಶುರು ಮಾಡಿ, ಆಯಾ ಕಾಲದ ಹಣ್ಣಿಗೆ ಅರ್ಧ ತೂಕ ಸಕ್ಕರೆ ಸೇರಿಸಿ, ಮುಳುಗುವಷ್ಟು ರಮ್ ಸುರಿಯುತ್ತಾ ಹೋಗಿ ಕ್ರಿಸ್‌ಮಸ್ ಹೊತ್ತಿಗೆ ತೆರೆಯುತ್ತಾರೆ. ಅವರು ಬಳಸುವುದು 54ರ ರಮ್. ನಮ್ಮ 42.8ರದ್ದಕ್ಕೆ ಅನಾನಸ್‌ನಂಥ ನೀರುಹಣ್ಣು ಹಾಕಿದರೆ ಅಂಶ 17ರ ಸುತ್ತ ಬಂದು ನಿಲ್ಲುತ್ತದೆ. ಹಾಗಾಗಿ ನಾನು ಅದನ್ನು ಫ್ರಿಜ್‌ನಲ್ಲೇ ಇಡುತ್ತೇನೆ. ಹೊರಗಿಡಬೇಕು ಅನ್ನುವವರು ಒಣ ಅಂಜೂರ, ಒಣದ್ರಾಕ್ಷಿ, ಖರ್ಜೂರಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ಅವುಗಳಲ್ಲಿ ನೀರು ಕಡಿಮೆ, ರಮ್ ಅಷ್ಟು ತೆಳುವಾಗುವುದಿಲ್ಲ. ರುಚಿಯಲ್ಲಿ ಜಾಮ್‌ಗಿಂತ ಇದು ಎಷ್ಟೋ ಗಡುಸು. ಐಸ್‌ಕ್ರೀಮ್ ಮೇಲೆ ಒಂದು ಚಮಚ ಸರಿ, ಬೆಳಗಿನ ಬ್ರೆಡ್ಡಿಗೆ ಅಲ್ಲ.

ಮನೆಯಲ್ಲಿ ಮಕ್ಕಳಿದ್ದರೆ, ಮದ್ಯ ಮುಟ್ಟದ ಹಿರಿಯರಿದ್ದರೆ, ಬಾಟಲಿ ಮೇಲೆ ದೊಡ್ಡದಾಗಿ ಬರೆದು ಮೇಲಿನ ಕಪಾಟಿನಲ್ಲಿಡಿ. ಯಾರಿಗಾದರೂ ಕೊಡುವಾಗ ಬಾಯಿಬಿಟ್ಟು ಹೇಳಿಯೇ ಕೊಡಿ. ನಮ್ಮತ್ತೆಗೆ ಅಂತ ನಾಲ್ಕನೇ ಪಾಲು, ಅದೇ ಖಾಲಿ ಪಾಲು, ಪ್ರತಿ ಸಲ ಬೇರೆ ಬಣ್ಣದ ಮುಚ್ಚಳ ಹಾಕಿ ಇಡುತ್ತೇನೆ. ಹೇರಳೆಕಾಯಿಯದ್ದರಲ್ಲಿ ಅವರಿಗೆ ಅದೇ ಮೊದಲು ಖಾಲಿಯಾಗುತ್ತದೆ.